ರಾಡ್ ನೋಡಿ ಫ್ಲೈ ಕಟ್ಟಿ 🎣 (ಭಾಗ 3)

ಆಸೆಪಟ್ಟು 3 ವೇಟ್ ರಾಡ್ ತಗೊಂಡ್ರಿ, ಸೂಪರ್. ಆದ್ರೆ ಅದಕ್ಕೆ ಅಷ್ಟು ದೊಡ್ಡ ಫ್ಲೈ ಯಾಕೆ ಕಟ್ತೀರಾ?

ಪುಕ್ಕ ಸುತ್ತಿದ ಈ ಗಾಳಕ್ಕೆ ತೂಕವೇ ಇಲ್ಲ, ಅದನ್ನ ಹೊತ್ತೊಯ್ಯೋದು ಲೈನ್. 3 ವೇಟ್ ಲೈನಿನ ಮೊದಲ 30 ಅಡಿ ತೂಗೋದು 100 ಗ್ರೇನ್, ಅಂದ್ರೆ ಸುಮಾರು ಆರೂವರೆ ಗ್ರಾಂ. 8 ವೇಟ್‌ದು 210 ಗ್ರೇನ್. ಬಂಡವಾಳ ಇಷ್ಟೇ ಇದ್ದಾಗ ಹೊರೆನೂ ಅಷ್ಟೇ ಇರಬೇಕು, ಬಿಕಾಂನವರಿಗೆ ಬಿಡಿಸಿ ಹೇಳ್ಬೇಕಾ? 😄 ಗಾಳಿ ತಡೆಯೋ ದಪ್ಪ ಫ್ಲೈ ಮುಂದೆ ಹೋಗಲ್ಲ, ನಿಮ್ಮ ಕಿವಿಗೇ ಬಂದು ಚುಚ್ಚುತ್ತೆ.

ನಂಬರ್ ಹೆಚ್ಚಾದಷ್ಟೂ ಗಾಳ ಚಿಕ್ಕದು, ನೆನಪಿರಲಿ. ಹಿಮಾಚಲದ ತೀರ್ಥನ್ ಹೊಳೆಯ ಟ್ರೌಟ್‌ಗೆ ಈ ರಾಡಲ್ಲಿ 14, 16, 18 ಆರಾಮಾಗಿ ಹೋಗುತ್ತೆ. ಟಿಪ್ಪೆಟ್‌ಗೆ, ಅಂದ್ರೆ ತುದಿಯ ತೆಳು ದಾರಕ್ಕೆ, ಹಳೇ ಸೂತ್ರ: ಗಾಳದ ನಂಬರನ್ನ 3ರಿಂದ ಭಾಗಿಸಿ. 18 ಆದ್ರೆ 6ಎಕ್ಸ್.

ಕಿವಿ ವಾಸಿಯಾಗುತ್ತೆ ಬಿಡಿ, ಮೀನಿನ ಕಥೆ ಹಾಗಲ್ಲ. ದೊಡ್ಡ ಫ್ಲೈ ಅಂದ್ರೆ ದೊಡ್ಡ ಮೀನಿಗೆ ಕರೆಯೋಲೆ. ತೆಳು ರಾಡಲ್ಲಿ ಅದನ್ನ ಬೇಗ ದಡಕ್ಕೆ ತರೋಕಾಗಲ್ಲ. ಎಳೆದಾಡಿಸಿದಷ್ಟೂ ಅದು ಸುಸ್ತಾಗಿ, ವಾಪಸ್ ಬಿಟ್ಟ ಮೇಲೂ ಸಾಯಬಹುದು. ನಮ್ಮ ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ ಪಟ್ಟಿಯಲ್ಲಿ ಅತ್ಯಂತ ಅಪಾಯದ ಅಂಚಿನಲ್ಲಿದೆ. ಅಂಥ ಮೀನಿನ ಮೇಲೆ ಈ ರಾಡ್ ಪ್ರಯೋಗ ಬೇಡ.

ಚಿಕ್ಕ ರಾಡ್, ಚಿಕ್ಕ ಫ್ಲೈ, ಚಿಕ್ಕ ಮೀನು. ಮಜಾ ಕಮ್ಮಿ ಆಗಲ್ಲ, ನಂಬಿ. ನಿಮ್ಮ ಡಬ್ಬಿಯಲ್ಲಿ ಯಾವ ನಂಬರ್ ಇದೆ? ಕಾಮೆಂಟಲ್ಲಿ ಹಾಕಿ 👇