ಡಿಲೀಟ್ ಆಯ್ತಾ? ಆಫ್ ಮಾಡಬೇಡಿ!

ಮಾರೇನಹಳ್ಳಿಯ ರೂಮಲ್ಲಿ ಕೂತು ಲಿನಕ್ಸ್ ಮೇಲೆ ಕೆವಿಎಂ ವರ್ಚುವಲ್ ಮಷಿನ್ ಓಡಿಸುವವರೇ, ಇದು ನಿಮಗೆ. ಜಾಗ ಖಾಲಿ ಮಾಡೋ ಭರದಲ್ಲಿ ಅದರ ಡಿಸ್ಕ್ ಫೈಲನ್ನೇ ಅಳಿಸಿಬಿಟ್ಟರೆ, ಗಾಬರಿಯಲ್ಲಿ ಕೈ ರೀಸ್ಟಾರ್ಟ್ ಕಡೆಗೇ ಹೋಗುತ್ತೆ. ಅದೊಂದು ಮಾಡಬೇಡಿ! ಮಷಿನ್ ಓಡುತ್ತಿದ್ದರೆ ಹೋಗಿರೋದು ಫೈಲಿನ ಹೆಸರು ಮಾತ್ರ. ಬಳಸುತ್ತಿರುವ ಪ್ರೋಗ್ರಾಂ ಬಿಡುವ ತನಕ ಲಿನಕ್ಸ್ ಒಳಗಿನ ಡೇಟಾ ಅಳಿಸೋದಿಲ್ಲ.

ಮಷಿನ್ ಒಳಗಿನ ಕೆಲಸ ಸೇವ್ ಮಾಡಿ, ಅದನ್ನು 'ಪಾಸ್' ಮಾಡಿ, ಶಟ್‌ಡೌನ್ ಬೇಡ. ರೂಟ್ ಆಗಿ 'ಪ್ರಾಕ್' ಫೋಲ್ಡರಿಗೆ ಹೋಗಿ, ಆ ಮಷಿನ್‌ನ ಪ್ರೋಸೆಸ್ ನಂಬರಿನೊಳಗಿನ 'ಎಫ್‌ಡಿ' ನೋಡಿ. 'ಡಿಲೀಟೆಡ್' ಅಂತ ತೋರಿಸುವ ಡಿಸ್ಕ್ ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅಲ್ಲೀತನಕ ಕರೆಂಟ್ ಹೋದರೆ ಈ ದಾರಿ ಮುಚ್ಚಿದ ಹಾಗೇ, ಯುಪಿಎಸ್ ಇರಲಿ. ಕಾಪಿ ಸರಿಯಾಗಿ ಬೂಟ್ ಆದ ಮೇಲಷ್ಟೇ ಹಳೇದನ್ನು ಆಫ್ ಮಾಡಿ.