ನಮ್ಮ ಲೆಕ್ಕ ನಮ್ಮ ಕಡತದಲ್ಲಿರಲಿ

ಸರ್ಕಾರಿ ಕಚೇರಿಗಳಲ್ಲಿ ಹಣ ಸೆಳೆಯುವ ಹಾಗೂ ಬಟವಾಡೆ ಅಧಿಕಾರಿಗೆ ಮೊದಲು ಕಲಿಸುವ ಪಾಠ ಒಂದಿದೆ. ಖಜಾನೆಯ ಲೆಕ್ಕ ಎಷ್ಟೇ ಶುದ್ಧವಾಗಿದ್ದರೂ ಅದು ಖಜಾನೆಯ ಲೆಕ್ಕ. ಕಚೇರಿಯು ತನ್ನದೇ ನಗದು ಪುಸ್ತಕವನ್ನು ಬರೆದು, ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡಬೇಕು. ಎರಡು ಕೈಗಳು ಬರೆದ ಎರಡು ಪುಸ್ತಕಗಳು ಹೊಂದಿದಾಗ ಮಾತ್ರ ಲೆಕ್ಕ ಸರಿಯೆನಿಸಿಕೊಳ್ಳುತ್ತದೆ. ನಮ್ಮ ಸಂಸಾರಸ್ಥರಲ್ಲೂ ಹಿಂದೆ ಜಮಾಖರ್ಚಿನ ಪುಸ್ತಕ ಬರೆಯುವ ರೂಢಿಯಿತ್ತು. ಈಗ ಅದು ಬಹುಮಟ್ಟಿಗೆ ನಿಂತುಹೋಗಿದೆ. ಬ್ಯಾಂಕು ಹೇಳಿದ್ದೇ ನಮ್ಮ ಲೆಕ್ಕವಾಗಿದೆ.

ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ ನಡೆದ ಯುಪಿಐ ಪಾವತಿಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಕೃಷ್ಣರಾಜಪುರದ ರೈಲು ನಿಲ್ದಾಣದಿಂದ ಟಿನ್ ಫ್ಯಾಕ್ಟರಿಯ ಕಡೆಗೆ ನಡೆದರೆ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಫಲಕ ಕಾಣುತ್ತದೆ. ಹತ್ತು ರೂಪಾಯಿಯ ಕಾಫಿ, ಮೂವತ್ತು ರೂಪಾಯಿಯ ಸೊಪ್ಪು, ಎಲ್ಲವೂ ಬ್ಯಾಂಕ್ ಖಾತೆಯಲ್ಲಿ ಒಂದೊಂದು ಸಾಲು. ತಿಂಗಳಿಗೆ ನೂರಿನ್ನೂರು ಸಾಲುಗಳನ್ನು ಕೈಯಲ್ಲಿ ಬರೆದುಕೊಳ್ಳುವ ತಾಳ್ಮೆ ಯಾರಿಗೂ ಇರದು.

ಖಾತೆಗಳೂ ಒಂದೆರಡಲ್ಲ. ಐಟಿಐ ಕಾರ್ಖಾನೆ 1948ರಲ್ಲಿ ಆರಂಭವಾದಂದಿನಿಂದ ಈ ಭಾಗದಲ್ಲಿ ನೆಲೆನಿಂತ ಕುಟುಂಬಗಳನ್ನು ನೆನೆದರೆ ಸಾಕು. ಹಿರಿಯರ ನಿವೃತ್ತಿಯ ಹಣ ಒಂದು ಕಡೆ, ಠೇವಣಿ ಇನ್ನೊಂದು ಕಡೆ, ವೈಟ್‌ಫೀಲ್ಡ್‌ಗೆ ದುಡಿಯಲು ಹೋಗುವ ಮಕ್ಕಳ ಸಂಬಳ ಮತ್ತೊಂದು ಕಡೆ ಇರುವುದು ಸಾಮಾನ್ಯ. ಇದರ ನಡುವೆ ಬ್ಯಾಂಕುಗಳೇ ಹೆಸರು ಬದಲಿಸಿದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಮೂರು ವರ್ಷಗಳ ಅಂತರದಲ್ಲಿ ಕನ್ನಡನಾಡಿನ ನಾಲ್ಕು ಬ್ಯಾಂಕುಗಳ ಪಾಸ್‌ಪುಸ್ತಕಗಳು ಹಳೆಯ ಕಾಗದಗಳಾದವು. ಸಂಸಾರ ಬ್ಯಾಂಕಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದರ ಲೆಕ್ಕವೂ ಹಾಗೆಯೇ ಬಾಳಬೇಕಲ್ಲವೆ?

ಈ ಪ್ರಶ್ನೆಗೆ ಉತ್ತರವಾಗಬಲ್ಲ ವ್ಯವಸ್ಥೆಯೊಂದು ನಮ್ಮಲ್ಲಿದೆ. ಅದು ಅಕೌಂಟ್ ಅಗ್ರಿಗೇಟರ್, ಎಂದರೆ ಖಾತೆ ಸಂಗ್ರಾಹಕ. ರಿಸರ್ವ್ ಬ್ಯಾಂಕ್ 2016ರ ಸೆಪ್ಟೆಂಬರ್ 2ರಂದು ಇದಕ್ಕೆ ನಿರ್ದೇಶನ ಹೊರಡಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಎಂಟು ದೊಡ್ಡ ಬ್ಯಾಂಕುಗಳ ಸಹಭಾಗಿತ್ವದೊಡನೆ ಅದು ಜನಬಳಕೆಗೆ ಬಂತು. ಇದರ ಉದ್ಯಮ ಒಕ್ಕೂಟವಾದ ಸಹಮತಿಯ ನೆಲೆಯೂ ಬೆಂಗಳೂರೇ. ಖಾತೆದಾರನು ಒಪ್ಪಿಗೆ ಕೊಟ್ಟರೆ, ಆತನ ಹಲವು ಖಾತೆಗಳ ವಿವರಗಳನ್ನು ಸಂಗ್ರಾಹಕ ಸಂಸ್ಥೆಯು ಬೀಗಮುದ್ರೆಯ ಲಕೋಟೆಯಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ. ತಾನು ತೆರೆದು ನೋಡುವಂತಿಲ್ಲ. ಯಾವ ಉದ್ದೇಶಕ್ಕೆ, ಎಷ್ಟು ದಿನಕ್ಕೆ, ಎಷ್ಟು ಬಾರಿ ಎಂಬುದು ಒಪ್ಪಿಗೆಯಲ್ಲೇ ನಮೂದಾಗಿರುತ್ತದೆ. ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಪ್ರತಿ ವಹಿವಾಟಿನ ದಿನಾಂಕ, ಮೊತ್ತ, ಜಮೆಯೋ ಖರ್ಚೋ ಎಂಬ ಗುರುತು, ವಿವರಣೆ, ಉಳಿದ ಶಿಲ್ಕು ಇವೆಲ್ಲ ಬ್ಯಾಂಕು ಯಾವುದಾದರೂ ಒಂದೇ ನಮೂನೆಯಲ್ಲಿ ಬರುತ್ತವೆ.

ಆದರೆ ಆ ಲಕೋಟೆ ತಲಪುವುದು ಯಾರಿಗೆ? ಮಾಹಿತಿಯನ್ನು ಬಳಸುವ ಸಂಸ್ಥೆಯು ಹಣಕಾಸು ಕ್ಷೇತ್ರದ ಯಾವುದಾದರೊಂದು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರಬೇಕೆಂಬುದು ಷರತ್ತು. ಸಾಲ ಕೊಡುವ ಬ್ಯಾಂಕು, ವಿಮೆ ಮಾರುವ ಕಂಪನಿ, ಹೂಡಿಕೆ ಸಲಹೆಗಾರ ಸಂಸ್ಥೆ ಈ ಪಟ್ಟಿಯಲ್ಲಿವೆ. ಖಾತೆಯ ಒಡೆಯನಾದ ವ್ಯಕ್ತಿಯು ಆ ಸಾಲಿನಲ್ಲಿ ನಿಲ್ಲಲಾರ. ವಿಚಿತ್ರವೆಂದರೆ, ಮಾಹಿತಿಯನ್ನು ಒಟ್ಟುಗೂಡಿಸಿ ಗ್ರಾಹಕನಿಗೆ ಅಥವಾ ಅದನ್ನು ಬಳಸುವ ಇತರರಿಗೆ ಒಪ್ಪಿಸುವುದೇ ಸಂಗ್ರಾಹಕನ ಕೆಲಸವೆಂದು 2016ರ ನಿರ್ದೇಶನವೇ ಹೇಳಿತು. ಅಲ್ಲಿ ಮೊದಲ ಹೆಸರು ಗ್ರಾಹಕನದು. ಆಚರಣೆಯಲ್ಲಿ ಮೊದಲ ಸ್ಥಾನ ಸಾಲಗಾರ ಸಂಸ್ಥೆಯದು. ನಮ್ಮ ವರ್ಷದ ವಹಿವಾಟನ್ನು ಅದರ ಗಣಕಯಂತ್ರ ಕ್ಷಣಮಾತ್ರದಲ್ಲಿ ಓದುತ್ತದೆ. ನಮಗೆ ಸಿಗುವುದು ಬ್ಯಾಂಕಿಗೊಂದು ಬಗೆಯ ಪಿಡಿಎಫ್ ಪಟ್ಟಿ. ಒಂದರಲ್ಲಿ ಜಮೆಗೂ ಖರ್ಚಿಗೂ ಬೇರೆ ಬೇರೆ ಅಂಕಣ, ಇನ್ನೊಂದರಲ್ಲಿ ಎರಡಕ್ಕೂ ಒಂದೇ. ವ್ಯವಹಾರದಲ್ಲಿ ಒಬ್ಬರಿಗೆ ಮಾಹಿತಿ ಹೆಚ್ಚು, ಮತ್ತೊಬ್ಬರಿಗೆ ಕಡಿಮೆ ಇದ್ದಾಗ ಏನಾಗುತ್ತದೆಂಬುದನ್ನು ವಿವರಿಸಿದ್ದಕ್ಕೇ 2001ರಲ್ಲಿ ಅಕರ್ಲಾಫ್, ಸ್ಪೆನ್ಸ್ ಮತ್ತು ಸ್ಟಿಗ್ಲಿಟ್ಜ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಇಲ್ಲಿನ ವಿಶೇಷವೆಂದರೆ, ನಮ್ಮ ಬಗೆಗಿನ ಮಾಹಿತಿಯಲ್ಲೇ ನಾವು ಹಿಂದೆ ಬಿದ್ದಿದ್ದೇವೆ.

ಆ ಮಾಹಿತಿ ಕೈಗೆ ಬಂದರೆ ಇಟ್ಟುಕೊಳ್ಳುವುದೆಲ್ಲಿ ಎಂಬುದಕ್ಕೂ ಉತ್ತರವಿದೆ. 2003ರಲ್ಲಿ ಜಾನ್ ವೀಗ್ಲಿ ಎಂಬ ತಂತ್ರಜ್ಞರು ‘ಲೆಡ್ಜರ್’ ಎಂಬ ತಂತ್ರಾಂಶವನ್ನು ಹೊರತಂದರು. ಮುಂದೆ ಅದೇ ಮಾದರಿಯಲ್ಲಿ ‘ಎಚ್‌ಲೆಡ್ಜರ್’, ‘ಬೀನ್‌ಕೌಂಟ್’ ಬಂದವು. ಎಲ್ಲವೂ ಉಚಿತ. ಇವುಗಳಲ್ಲಿ ಲೆಕ್ಕವು ಸಾದಾ ಅಕ್ಷರಗಳ ಕಡತವಾಗಿರುತ್ತದೆ. ದಿನಾಂಕ, ವಿವರ, ಹಣ ಯಾವ ಖಾತೆಯಿಂದ ಹೋಯಿತು, ಯಾವ ಖಾತೆಗೆ ಬಂತು ಇಷ್ಟೇ. 1494ರಲ್ಲಿ ಪಚೋಲಿ ಎಂಬ ಪಾದ್ರಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಜೋಡಿ ನಮೂದಿನ ಪದ್ಧತಿಯೇ ಇದು. ಕಡತ ಎಂಬ ನಮ್ಮ ಮಾತಿನ ಮೂಲಾರ್ಥವೂ ಇಲ್ಲಿ ನೆನಪಾಗುತ್ತದೆ. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದು ಮಡಿಸಿಡುತ್ತಿದ್ದ ಪುಸ್ತಕವೇ ಕಡತ. ಅದನ್ನು ತೆರೆಯಲು ಯಾವ ಕಂಪನಿಯ ಪರವಾನಗಿಯೂ ಬೇಕಿರಲಿಲ್ಲ. ಸಾದಾ ಅಕ್ಷರಗಳ ಕಡತಕ್ಕೂ ಬೇಕಿಲ್ಲ.

ಬ್ಯಾಂಕಿನ ವಿವರಗಳು ಒಂದೇ ನಮೂನೆಯಲ್ಲಿ ನೇರವಾಗಿ ಈ ಕಡತಕ್ಕೆ ಇಳಿದರೆ, ಒಮ್ಮೆ ಬಂದ ಸಾಲು ಮತ್ತೆ ಬಾರದಂತೆ ಯಂತ್ರವೇ ನೋಡಿಕೊಳ್ಳಬಲ್ಲದು. ಬೆಸ್ಕಾಂಗೆ ಕಟ್ಟಿದ್ದನ್ನು ವಿದ್ಯುತ್ ಖಾತೆಗೆ ಸೇರಿಸಬಲ್ಲದು. ಅಖೈರು ಶಿಲ್ಕು ಹೊಂದದಿದ್ದರೆ ಎಚ್ಚರಿಸಬಲ್ಲದು. ಆದರೆ ಗೆಳೆಯನಿಗೆ ಕಳಿಸಿದ ಎರಡು ಸಾವಿರ ಕೈಸಾಲವೋ ಮುಯ್ಯೋ ಎಂಬುದನ್ನು ನಾವೇ ಬರೆಯಬೇಕು. ಅದೇ ಸರಿ ಕೂಡ. ಯಾಂತ್ರಿಕ ದುಡಿಮೆ ಯಂತ್ರಕ್ಕಿರಲಿ, ವಿವೇಚನೆ ಮನುಷ್ಯನಿಗಿರಲಿ.

ಇದು ಹವ್ಯಾಸಿಗಳ ಚಪಲವೆಂದು ತಳ್ಳಿಹಾಕಲಾಗದು. ಪಾಸ್‌ಪುಸ್ತಕದಲ್ಲಿ 436 ರೂಪಾಯಿಯ ಕಡಿತ ಕಂಡಾಗ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ವಾರ್ಷಿಕ ಕಂತೆಂದು ಎಷ್ಟು ಮಂದಿಗೆ ಹೊಳೆಯುತ್ತದೆ? ಅದು ಹೊಳೆಯದ ಮನೆಯಲ್ಲಿ, ಖಾತೆದಾರರು ತೀರಿಕೊಂಡ ಮೇಲೆ ಎರಡು ಲಕ್ಷದ ಪರಿಹಾರವನ್ನು ಕೇಳುವವರೂ ಇರುವುದಿಲ್ಲ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರು ಹಣ ಲಪಟಾಯಿಸಿದಾಗ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಲೆಕ್ಕವಿಟ್ಟವನಿಗಷ್ಟೇ ಇಂಥ ಗಡುವಿನಿಂದ ಪ್ರಯೋಜನ.

ಗ್ರಾಹಕನ ಕೈಗೆ ಎಲ್ಲ ವಿವರ ಕೊಟ್ಟರೆ ವಂಚಕರು ಅದನ್ನೂ ದೋಚುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸಂಗ್ರಾಹಕನ ಮೂಲಕ ಬರುವುದು ಓದುವ ಮಾಹಿತಿ ಮಾತ್ರ. ಅದರಿಂದ ಹಣ ಸಾಗಿಸಲು ಬರುವುದಿಲ್ಲ. ಇಂದು ಜನ ಖರ್ಚಿನ ಲೆಕ್ಕ ಸಿಗಲೆಂದು ಮೊಬೈಲಿನ ಸಂದೇಶಗಳನ್ನೆಲ್ಲ ಅಪರಿಚಿತ ಆ್ಯಪ್‌ಗಳಿಗೆ ಓದಲು ಬಿಡುತ್ತಿದ್ದಾರೆ. ಅದಕ್ಕಿಂತ ಇದು ಸುರಕ್ಷಿತ ದಾರಿ.

ಆಗಬೇಕಾದದ್ದು ಇಷ್ಟು. ಖಾತೆದಾರನೂ ತನ್ನ ಮಾಹಿತಿಯನ್ನು ಅದೇ ನಮೂನೆಯಲ್ಲಿ, ಶುಲ್ಕವಿಲ್ಲದೆ, ತನ್ನ ಗಣಕಯಂತ್ರಕ್ಕೆ ಇಳಿಸಿಕೊಳ್ಳಬಹುದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಬೇಕು. ವಿಲೀನಗೊಂಡ ಬ್ಯಾಂಕುಗಳ ಹಳೆಯ ವಹಿವಾಟುಗಳೂ ಹಾಗೆ ದೊರೆಯಬೇಕು. ಒಪ್ಪಿಗೆಯ ಪುಟ ಕನ್ನಡದಲ್ಲಿ, ಅರ್ಥವಾಗುವ ಕನ್ನಡದಲ್ಲಿ ಇರಬೇಕು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯು 2018ರ ತನ್ನ ಕರಡಿನಲ್ಲಿ, ವ್ಯಕ್ತಿಯು ತನ್ನ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆಯುವ ಹಕ್ಕನ್ನು ಸೇರಿಸಿತ್ತು. 2023ರ ಕಾಯಿದೆಯಲ್ಲಿ ಆ ಹಕ್ಕು ಕೈಬಿಟ್ಟುಹೋಯಿತು. ಕಾಯಿದೆಗೆ ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ. ಬ್ಯಾಂಕ್ ಖಾತೆಗಳ ಮಟ್ಟಿಗೆ ಅದನ್ನು ಮರಳಿಸಲು ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ಸಾಕು.