ಕುಸಿದು ಬಿದ್ದವರ ಮುಂದೆ ಹಿಂಜರಿಕೆ ಸಲ್ಲದು

ಸಿದ್ದಾಪುರದಿಂದ ಜಯದೇವ ಹೃದ್ರೋಗ ಸಂಸ್ಥೆ ಬಹಳ ದೂರವಿಲ್ಲ. ಆದ್ದರಿಂದ ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ ಆಟೋದಲ್ಲಿ ಹಾಕಿಕೊಂಡು ಧಾವಿಸುವುದೇ ನಮ್ಮ ರೂಢಿ. ಆದರೆ ಹೃದಯ ಬಡಿತ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗತೊಡಗುತ್ತದೆ.

ಪ್ರಜ್ಞೆಯೂ ಸಹಜ ಉಸಿರಾಟವೂ ಇಲ್ಲವೆಂದಾದರೆ 108ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರ್‌ನಲ್ಲಿಟ್ಟು ಪಕ್ಕದಲ್ಲಿರಿಸಿಕೊಳ್ಳಿ. ಆಗೊಮ್ಮೆ ಈಗೊಮ್ಮೆ ಬಿಕ್ಕಿದಂತೆ ಬರುವ ಉಸಿರು ಸಹಜ ಉಸಿರಾಟವಲ್ಲ. ವಯಸ್ಕರಾದರೆ ಎದೆಯ ನಡುವೆ ಎರಡೂ ಕೈಗಳನ್ನು ಒಂದರ ಮೇಲೊಂದಿರಿಸಿ, ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಅನೇಕ ದೇಶಗಳಲ್ಲಿ ಕರೆ ಸ್ವೀಕರಿಸಿದವರೇ ಎಣಿಸುತ್ತಾ, ತರಬೇತಿಯಿಲ್ಲದವರಿಂದಲೂ ಇದನ್ನು ಮಾಡಿಸುತ್ತಾರೆ. ನಮ್ಮಲ್ಲಿಯೂ ಪ್ರತಿಯೊಂದು ಕರೆಗೂ ಕನ್ನಡ, ಉರ್ದು ಎರಡರಲ್ಲಿಯೂ ಈ ಮಾರ್ಗದರ್ಶನ ದೊರೆಯಲೇಬೇಕು.

ಬಿದ್ದವರು ಪರಸ್ತ್ರೀಯಾಗಿದ್ದರೆ ಮುಟ್ಟುವುದು ಹೇಗೆಂದು ಕೆಲವರು ಅಳುಕುತ್ತಾರೆ. ಪ್ರಾಣಾಪಾಯದ ಅನಿವಾರ್ಯತೆಯಲ್ಲಿ ನಿಷೇಧವು ಸಡಿಲಗೊಳ್ಳುತ್ತದೆಂಬುದು ಫಿಕ್‌ಹ್‌ನ ಸರ್ವಮಾನ್ಯ ನಿಯಮ. ಆ ಕ್ಷಣದ ಹಿಂಜರಿಕೆ ಹಯಾ ಅಲ್ಲ. ಒಂದು ಜೀವದ ರಕ್ಷಣೆಗೆ ಪವಿತ್ರ ಕುರ್‌ಆನ್ ಅಲ್ ಮಾಇದಃ ಅಧ್ಯಾಯದ 32ನೆಯ ಸೂಕ್ತದಲ್ಲಿ ನೀಡಿರುವ ಸ್ಥಾನವನ್ನು ನಾವು ಮರೆಯಬಾರದು.

ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಪ್ರಯತ್ನದ ಹೊಣೆ ನಮ್ಮದು. ಮಸೀದಿ ಸಮಿತಿಗಳು ಒಂದು ಜುಮಾ ನಮಾಝಿನ ಬಳಿಕ ಅರ್ಧ ಗಂಟೆಯನ್ನು ಈ ತರಬೇತಿಗೆ ಮೀಸಲಿಡಲಿ. ಸ್ತ್ರೀಯರಿಗೂ ಪ್ರತ್ಯೇಕವಾಗಿ ಕಲಿಸಲಿ. ಹಗಲು ಹೊತ್ತು ಅನೇಕ ಮನೆಗಳಲ್ಲಿರುವವರು ಅವರೇ.